ಮಗುವಿನ ಕೈಯ ನರಹುಲಿ: ಶಿಕ್ಷಕರು ತಿಳಿದಿರಬೇಕಾದದ್ದು

ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಪಾಠಯೋಜನೆ, ಕಲಿಕೋಪಕರಣ, ಕಪ್ಪುಹಲಗೆಯ ಬಳಕೆ ಇವುಗಳ ಬಗ್ಗೆ ನಾವು ಸಾಕಷ್ಟು ಹೇಳಿ ಕಳುಹಿಸುತ್ತೇವೆ. ಆದರೆ ಶಾಲೆಗೆ ಕಾಲಿಟ್ಟ ಮೇಲೆ ಅವರಿಗೆ ಎದುರಾಗುವ ಪ್ರಶ್ನೆಗಳೆಲ್ಲ ಪಾಠಯೋಜನೆಯ ಚೌಕಟ್ಟಿನೊಳಗೆ ಇರುವುದಿಲ್ಲ. ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕನಾಗಿ ನನ್ನ ಬಳಿಗೆ ವರ್ಷಕ್ಕೊಮ್ಮೆಯಾದರೂ ಬರುವ ಒಂದು ಪ್ರಶ್ನೆ ಹೀಗಿರುತ್ತದೆ: “ಸರ್, ನನ್ನ ತರಗತಿಯ ಒಂದು ಮಗುವಿನ ಬೆರಳ ತುಂಬ ನರಹುಲಿ ಇದೆ. ಪಕ್ಕದಲ್ಲಿ ಕೂರಲು ಉಳಿದ ಮಕ್ಕಳು ಒಪ್ಪುತ್ತಿಲ್ಲ. ಬೇರೆ ಕೂರಿಸಬೇಕೇ?”

ಬೇರೆ ಕೂರಿಸಬೇಕಾಗಿಲ್ಲ. ಉತ್ತರ ಇಷ್ಟೇ ಆದರೂ, ಏಕೆ ಎಂದು ಮಕ್ಕಳಿಗೆ, ಪೋಷಕರಿಗೆ, ಕೆಲವೊಮ್ಮೆ ಸಹೋದ್ಯೋಗಿಗಳಿಗೆ ವಿವರಿಸಬೇಕಾದರೆ ನರಹುಲಿಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ನಾನು ವೈದ್ಯನಲ್ಲ. ಶಿಕ್ಷಕನ ಕೆಲಸಕ್ಕೆ ಬೇಕಾದಷ್ಟನ್ನು, ಒಪ್ಪಿತವಾದ ವೈದ್ಯಕೀಯ ತಿಳಿವಳಿಕೆಯಿಂದ ಆಯ್ದು ಇಲ್ಲಿ ಕೊಡುತ್ತಿದ್ದೇನೆ.

ನರವೂ ಅಲ್ಲ, ಹುಲಿಯೂ ಅಲ್ಲ

ಊರಿಂದೂರಿಗೆ ನರಹುಲಿ, ನರೂಲಿ, ನರೋಲಿ ಎಂದು ಕರೆಯುವ ಈ ಗಂಟಿಗೂ ನರಕ್ಕೂ ಸಂಬಂಧವಿಲ್ಲ. ಹೆಸರಿನಲ್ಲಿ ನರ ಇರುವುದರಿಂದ ಮಕ್ಕಳು ಹೆದರುತ್ತಾರೆ. “ಕಿತ್ತರೆ ನರ ಹೊರಗೆ ಬರುತ್ತದೆ” ಎಂದು ನಂಬಿರುವ ಮಕ್ಕಳನ್ನು ನಾನು ನೋಡಿದ್ದೇನೆ. ಪಾಠವನ್ನು ಹೆಸರಿನಿಂದಲೇ ಆರಂಭಿಸುವುದು ಒಳ್ಳೆಯದು.

ನರಹುಲಿ ಉಂಟಾಗುವುದು ವೈರಸ್‌ನಿಂದ. ಅದರ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಈ ಕುಟುಂಬದಲ್ಲಿ 200ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಅಥವಾ ತರಚು ಇದ್ದರೆ ಅಲ್ಲಿಂದ ವೈರಸ್ ಒಳಹೊಕ್ಕು, ಚರ್ಮದ ಮೇಲುಪದರದ ಜೀವಕೋಶಗಳು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಹೀಗೆ ಬೆಳೆದು ದಪ್ಪಗಾದ ಚರ್ಮವೇ ನರಹುಲಿ. ಅದು ಮೇಲುಪದರದಲ್ಲೇ ಇರುತ್ತದೆ, ಮಾಂಸದೊಳಗೆ ಬೇರು ಬಿಡುವುದಿಲ್ಲ. ಅದರಲ್ಲಿ ಕಾಣುವ ಎಳ್ಳಿನಂಥ ಕಪ್ಪು ಚುಕ್ಕೆಗಳನ್ನು ಜನ ಬೇರು ಅಥವಾ ಬೀಜ ಎನ್ನುವುದುಂಟು. ಅವು ನಿಜವಾಗಿ ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. “ಬೇರು ಸಮೇತ ಕೀಳಬೇಕು” ಎಂಬ ಮಾತಿಗೆ ಆಧಾರವಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಇದಕ್ಕೆ ಕಾರಣ ಸೂಕ್ಷ್ಮಜೀವಿ ಎಂದು ತಿಳಿದದ್ದು ತೀರ ಹಿಂದೇನೂ ಅಲ್ಲ. 1907ರಲ್ಲಿ ಇಟಲಿಯ ವೈದ್ಯ ಜುಸೆಪ್ಪೆ ಚುಫೋ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಶೋಧಕದಲ್ಲಿ ಸೋಸಿ, ಆ ದ್ರವವನ್ನು ತನ್ನದೇ ಕೈಗೆ ಸೇರಿಸಿಕೊಂಡ. ತಿಂಗಳುಗಳ ನಂತರ ಅಲ್ಲಿ ನರಹುಲಿ ಎದ್ದಿತು. ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ ಯಾವುದೋ ಒಂದು ಇದಕ್ಕೆ ಕಾರಣ ಎಂದು ಅದರಿಂದ ಸ್ಪಷ್ಟವಾಯಿತು. ಎಂಟನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವವರಿಗೆ ವೈರಸ್ ಮತ್ತು ಬ್ಯಾಕ್ಟೀರಿಯಾಗಳ ಗಾತ್ರದ ವ್ಯತ್ಯಾಸ ಹೇಳಲು ಇದಕ್ಕಿಂತ ಚೆನ್ನಾದ ಉದಾಹರಣೆ ಬೇಕಿಲ್ಲ.

ಎಚ್‌ಪಿವಿ ಎಂದ ಕೂಡಲೇ ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಪ್ರಚಾರದಲ್ಲಿ ಅದೇ ಹೆಸರನ್ನು ಅವರು ಕೇಳಿರುತ್ತಾರೆ. ಕುಟುಂಬ ಒಂದೇ ಆದರೂ ಬಗೆಗಳು ಬೇರೆ. ಮಕ್ಕಳ ಕೈಕಾಲುಗಳಲ್ಲಿ ಸಾಮಾನ್ಯವಾಗಿ ಏಳುವ ನರಹುಲಿ ಕ್ಯಾನ್ಸರಿನ ಸೂಚನೆಯಲ್ಲ. ಆ ಲಸಿಕೆಯೂ ಕೈಯ ನರಹುಲಿಗಾಗಿ ಮಾಡಿದ್ದಲ್ಲ.

ಗುರುತಿಸುವ ಬಗೆ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳು ಮೂರು.

ಮೊದಲನೆಯದು ಸಾಮಾನ್ಯ ನರಹುಲಿ. ಬೆರಳು, ಮುಂಗೈ, ಉಗುರಿನ ಸುತ್ತ, ಮಂಡಿಯ ಮೇಲೆ ಏಳುತ್ತದೆ. ಮುಟ್ಟಿದರೆ ಒರಟು, ನೋಡಲು ಹೂಕೋಸಿನ ಮೇಲ್ಮೈಯಂತೆ. ಉಗುರು ಕಚ್ಚುವ ಮಕ್ಕಳಲ್ಲಿ ಇದು ಉಗುರಿನ ಅಂಚಿನಲ್ಲಿ ಸಾಲಾಗಿ ಏಳುವುದುಂಟು.

ಎರಡನೆಯದು ಅಂಗಾಲಿನ ನರಹುಲಿ. ಮೈಯ ಭಾರ ಬೀಳುವುದರಿಂದ ಇದು ಹೊರಕ್ಕೆ ಬೆಳೆಯದೆ ಒಳಕ್ಕೆ ಒತ್ತಿಕೊಂಡಿರುತ್ತದೆ. ನಡೆಯುವಾಗ ಕಲ್ಲಿನ ಮೇಲೆ ಕಾಲಿಟ್ಟಂತೆ ನೋಯುತ್ತದೆ. ಆಟದ ಅವಧಿಯಲ್ಲಿ ಓಡಲು ಹಿಂಜರಿಯುವ ಮಗುವನ್ನು ಸೋಮಾರಿ ಎನ್ನುವ ಮೊದಲು ಅಂಗಾಲು ನೋಡಬೇಕು.

ಮೂರನೆಯದು ಚಪ್ಪಟೆ ನರಹುಲಿ. ಮುಖ ಮತ್ತು ಕೈಗಳ ಮೇಲೆ ಸಣ್ಣಗೆ, ನುಣುಪಾಗಿ, ಗುಂಪುಗುಂಪಾಗಿ ಏಳುತ್ತದೆ. ಕೆರೆದುಕೊಂಡ ಗೀರಿನ ಉದ್ದಕ್ಕೂ ಒಂದೇ ಸಾಲಿನಲ್ಲಿ ಕಾಣಿಸಿಕೊಳ್ಳುವುದು ಇದರ ಒಂದು ಲಕ್ಷಣ.

ನರಹುಲಿಯಂತೆ ಕಾಣುವ ಬೇರೆಯವೂ ಇವೆ. ಅಂಗಾಲಿನ ಆಣಿ ಅಂಥದ್ದು. ಚರ್ಮ ಜಡ್ಡುಗಟ್ಟಿದಲ್ಲಿ ಅದರ ಸಹಜ ಗೆರೆಗಳು ಹಾಗೆಯೇ ಮುಂದುವರಿಯುತ್ತವೆ. ನರಹುಲಿಯಲ್ಲಾದರೆ ಬೆರಳಚ್ಚಿನಂಥ ಆ ಗೆರೆಗಳು ಅಲ್ಲಿಗೆ ಕಡಿದುಹೋಗಿ ಸುತ್ತುಬಳಸಿ ಹೋಗುತ್ತವೆ. ಆಣಿಯನ್ನು ನೇರವಾಗಿ ಒತ್ತಿದರೆ ನೋವು, ನರಹುಲಿಯನ್ನು ಎರಡು ಬದಿಯಿಂದ ಚಿವುಟಿದರೆ ನೋವು ಹೆಚ್ಚು. ಇನ್ನೊಂದು ಮೊಲಸ್ಕಂ ಕಂಟೇಜಿಯೋಸಮ್. ಮುತ್ತಿನಂತೆ ಹೊಳೆಯುವ, ನಡುವೆ ಸಣ್ಣ ಗುಳಿಯಿರುವ ಗುಳ್ಳೆಗಳು ಮೈಮೇಲೆ ಏಳುತ್ತವೆ. ಇದಕ್ಕೆ ಕಾರಣ ಬೇರೊಂದು ವೈರಸ್. ಇದೂ ತಿಂಗಳುಗಳಲ್ಲಿ ತಾನಾಗಿ ಮಾಯುವಂಥದ್ದು.

ಇದನ್ನು ಓದಿ ಪ್ರಶಿಕ್ಷಣಾರ್ಥಿಗಳು ತರಗತಿಯಲ್ಲಿ ರೋಗನಿರ್ಣಯಕ್ಕೆ ಇಳಿಯಬಾರದು. ಯಾವುದನ್ನು ಕಂಡರೆ ಗಾಬರಿ ಬೇಡ, ಯಾವುದನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು ಎಂಬ ಅಂದಾಜು ಸಿಕ್ಕರೆ ಸಾಕು.

ಅಂಟುತ್ತದೆಯೇ?

ಅಂಟುತ್ತದೆ. ಮಕ್ಕಳನ್ನು ಸಮಾಧಾನಪಡಿಸಲು “ಅಂಟುವುದೇ ಇಲ್ಲ” ಎಂದು ಸುಳ್ಳು ಹೇಳಬಾರದು. ಆದರೆ ಹೇಗೆ ಅಂಟುತ್ತದೆ, ಎಷ್ಟು ನಿಧಾನವಾಗಿ ಅಂಟುತ್ತದೆ ಎಂಬುದನ್ನು ಹೇಳಬೇಕು. ನರಹುಲಿಯನ್ನು ನೇರವಾಗಿ ಮುಟ್ಟಿದಾಗ, ಅಥವಾ ಅದು ತಗುಲಿದ ಟವೆಲ್ಲು, ಕಾಲು ಉಜ್ಜುವ ಕಲ್ಲು ಮುಂತಾದವುಗಳಿಂದ ವೈರಸ್ ದಾಟಬಹುದು. ದಾಟಿದರೂ ಒಳಹೋಗಲು ಅದಕ್ಕೆ ಚರ್ಮದಲ್ಲಿ ಒಂದು ಬಿರುಕು ಬೇಕು. ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮದಲ್ಲಿ ಅದಕ್ಕೆ ದಾರಿ ಸುಲಭ. ಒಳಹೊಕ್ಕ ಮೇಲೂ ನರಹುಲಿ ಕಣ್ಣಿಗೆ ಕಾಣಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಇಂದು ಕೈ ಹಿಡಿದರೆ ನಾಳೆ ಏಳುವಂಥದ್ದಲ್ಲ.

ನೆದರ್ಲೆಂಡ್ಸ್‌ನ ಮೂರು ಪ್ರಾಥಮಿಕ ಶಾಲೆಗಳಲ್ಲಿ 4ರಿಂದ 12 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಕೈಕಾಲುಗಳನ್ನು ಸಂಶೋಧಕರು ಪರೀಕ್ಷಿಸಿದರು. ಹತ್ತಿರಹತ್ತಿರ ಮೂರರಲ್ಲಿ ಒಂದು ಮಗುವಿಗೆ ನರಹುಲಿ ಇತ್ತು. ಹೊಸದಾಗಿ ಯಾರಿಗೆ ಬರುತ್ತದೆ ಎಂದು ಮುಂದೆ ಗಮನಿಸಿದಾಗ, ಮನೆಯವರಲ್ಲಿ ಯಾರಿಗಾದರೂ ಇರುವುದು ಮತ್ತು ಅದೇ ತರಗತಿಯ ಮಕ್ಕಳಲ್ಲಿ ಇರುವುದು ಮುಖ್ಯ ಕಾರಣಗಳಾಗಿ ಕಂಡವು. ಈಜುಕೊಳ, ಬರಿಗಾಲ ನಡಿಗೆ ಎಂದು ನಾವು ಸಾಮಾನ್ಯವಾಗಿ ದೂರುವ ಸಂಗತಿಗಳಿಗೆ ಅಷ್ಟು ಸಂಬಂಧ ಕಾಣಲಿಲ್ಲ.

ಇದನ್ನು ಎರಡು ರೀತಿ ಓದಬಹುದು. “ತರಗತಿಯಿಂದಲೇ ಹರಡುತ್ತದೆ, ಹಾಗಾದರೆ ಆ ಮಗುವನ್ನು ದೂರ ಕೂರಿಸೋಣ” ಎನ್ನುವುದು ಒಂದು ರೀತಿ. ಅದು ಕೆಲಸಕ್ಕೆ ಬಾರದು. ಮೂರರಲ್ಲಿ ಒಂದು ಮಗುವಿಗೆ ಇರಬಹುದಾದದ್ದನ್ನು ಒಂದು ಮಗುವನ್ನು ಹಿಂದಿನ ಸಾಲಿಗೆ ಕಳಿಸಿ ತಡೆಯಲಾಗದು. ಕಣ್ಣಿಗೆ ಬಿದ್ದ ಒಂದು ಕೈಗೆ ಶಿಕ್ಷೆ, ಅಂಗಾಲಿನಲ್ಲಿ ಬಚ್ಚಿಟ್ಟುಕೊಂಡ ಹತ್ತಕ್ಕೆ ಮಾಫಿ ಎಂದಾಗುತ್ತದೆ. ಇನ್ನೊಂದು ರೀತಿ, ಇದು ಬಾಲ್ಯದ ಸಾಮಾನ್ಯ ಸಂಗತಿ, ಮುಚ್ಚಿಟ್ಟುಕೊಂಡು ಎಂದಿನಂತೆ ಇರೋಣ ಎನ್ನುವುದು. ಶಾಲೆಗೆ ರಜೆ ಹಾಕಿಸುವ ಅಗತ್ಯವಿಲ್ಲ. ಆಟದ ಹೊತ್ತಿನಲ್ಲಿ ನರಹುಲಿಯ ಮೇಲೆ ಒಂದು ಅಂಟುಪಟ್ಟಿ ಹಾಕಿದರೆ ಸಾಕು.

ಹಿಂದೊಮ್ಮೆ ಪಾಠ ವೀಕ್ಷಣೆಗೆ ಹೋದಾಗ ನಲಿಕಲಿ ತರಗತಿಯೊಂದರಲ್ಲಿ ಮಕ್ಕಳು ವೃತ್ತಾಕಾರವಾಗಿ ಕೈ ಹಿಡಿದು ಹಾಡಬೇಕಿತ್ತು. ಒಬ್ಬ ಹುಡುಗಿಯ ಎಡಗೈಯನ್ನು ಯಾರೂ ಹಿಡಿಯಲಿಲ್ಲ. ಅವಳು ಕೈಯನ್ನು ಲಂಗದ ಮರೆಗೆ ಸರಿಸಿಕೊಂಡಳು. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಏನೂ ಹೇಳದೆ ಹೋಗಿ ತಾನೇ ಆ ಕೈ ಹಿಡಿದು ವೃತ್ತಕ್ಕೆ ಸೇರಿಕೊಂಡಳು. ಎರಡನೆಯ ಸುತ್ತಿಗೆ ಜಾಗ ಬದಲಾದಾಗ ಇನ್ನೊಬ್ಬ ಹುಡುಗ ಹಿಡಿದ. ವೀಕ್ಷಣಾ ನಮೂನೆಯಲ್ಲಿ ಇದಕ್ಕೊಂದು ಅಂಕಣವಿಲ್ಲ. ಆದರೂ ಷರಾ ಬರೆಯುವ ಜಾಗದಲ್ಲಿ ನಾನು ಮೊದಲು ಬರೆದದ್ದು ಅದನ್ನೇ.

ತಾನಾಗಿ ಹೋಗುತ್ತದೆ

ಮಕ್ಕಳ ನರಹುಲಿಯ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದು: ಚಿಕಿತ್ಸೆ ಇಲ್ಲದಿದ್ದರೂ ಹೆಚ್ಚಿನವು ಮಾಯವಾಗುತ್ತವೆ. ಮೇಲೆ ಹೇಳಿದ ಶಾಲಾ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ನರಹುಲಿ ಒಂದು ವರ್ಷದೊಳಗೆ ಪೂರ್ತಿ ಹೋಗಿತ್ತು. ಎರಡು ವರ್ಷಗಳಲ್ಲಿ ಮೂರರಲ್ಲಿ ಎರಡು ಭಾಗ ಹೋಗುತ್ತವೆ ಎಂಬುದು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಅಂದಾಜು. ಕಾರಣ, ದೇಹದ ರೋಗನಿರೋಧಕ ವ್ಯವಸ್ಥೆ. ಚರ್ಮದ ಮೇಲುಪದರದಲ್ಲೇ ಅಡಗಿರುವ ವೈರಸ್ಸನ್ನು ಗುರುತಿಸಲು ಅದಕ್ಕೆ ಸಮಯ ಬೇಕು. ಗುರುತಿಸಿದ ಮೇಲೆ ಎಷ್ಟೋ ಸಲ ಎಲ್ಲ ನರಹುಲಿಗಳೂ ಒಟ್ಟಿಗೇ ಕರಗುತ್ತವೆ, ಕಲೆಯೂ ಉಳಿಯುವುದಿಲ್ಲ.

ಇಷ್ಟು ಗೊತ್ತಾದರೆ ನಮ್ಮ ಸುತ್ತಲಿನ ಮನೆಮದ್ದುಗಳ ಗುಟ್ಟೂ ಗೊತ್ತಾಗುತ್ತದೆ. ಕುದುರೆ ಬಾಲದ ಕೂದಲು ಕಟ್ಟುವುದು, ದೇವಸ್ಥಾನದ ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕುವುದು, ಎಕ್ಕದ ಹಾಲು ಹಚ್ಚುವುದು, ಸುಣ್ಣ–ಸೋಡಾ ಕಲಸಿ ಇಡುವುದು, ಊದುಬತ್ತಿಯಿಂದ ಸುಡುವುದು. ಪ್ರತಿಯೊಂದರ ಹಿಂದೆಯೂ “ನಮ್ಮ ಮಗನಿಗೆ ಹೋಯಿತು” ಎನ್ನುವ ಸಾಕ್ಷಿಗಳಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಮಗನಿಗೆ ಹೋದದ್ದು ನಿಜ. ಕೂದಲು ಕಟ್ಟಿದ್ದರಿಂದ ಹೋಯಿತೇ ಎಂಬುದು ಪ್ರಶ್ನೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎನ್ನುವ ಕಾಕತಾಳೀಯ ನ್ಯಾಯಕ್ಕೆ ನರಹುಲಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಹಳ್ಳಿಯವರು ಮಾತ್ರ ಹೀಗೆ ನಂಬುತ್ತಾರೆ ಎಂದು ಪ್ರಶಿಕ್ಷಣಾರ್ಥಿಗಳು ಭಾವಿಸದಿರಲಿ. ಆಧುನಿಕ ವಿಜ್ಞಾನದ ವಿಧಾನಕ್ಕೆ ದಾರಿ ಹಾಕಿದವರಲ್ಲಿ ಒಬ್ಬನೆಂದು ನಾವು ಪಾಠ ಹೇಳುವ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್‌ಗೂ ಬಾಲ್ಯದಿಂದ ಬೆರಳಲ್ಲಿ ಒಂದು ನರಹುಲಿ ಇತ್ತು. ಹದಿನಾರರ ಆಸುಪಾಸಿನಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಕೈಗಳ ಮೇಲೆ ನೂರರಷ್ಟು ಎದ್ದವು. ಇಂಗ್ಲಿಷ್ ರಾಯಭಾರಿಯ ಹೆಂಡತಿ ಹಂದಿಕೊಬ್ಬಿನ ತುಂಡಿನಿಂದ ಅವನ್ನೆಲ್ಲ ಉಜ್ಜಿ, ಆ ತುಂಡನ್ನು ಬಿಸಿಲು ಬೀಳುವ ಕಿಟಕಿಗೆ ಮೊಳೆ ಹೊಡೆದು ನೇತುಹಾಕಿದಳಂತೆ. ಐದು ವಾರಗಳಲ್ಲಿ ಎಲ್ಲವೂ, ಬಾಲ್ಯದ ಆ ಹಳೆಯದೂ ಸೇರಿ, ಹೋದವು. ಬೇಗ ಬಂದವು ಬೇಗ ಹೋದದ್ದರಲ್ಲಿ ಆಶ್ಚರ್ಯವಿಲ್ಲ, ಅಷ್ಟು ವರ್ಷ ಇದ್ದದ್ದೂ ಹೋದದ್ದು ಹೇಗೆ ಎಂಬುದೇ ಬೇಕನ್‌ನ ಬೆರಗು. ಹೊಸದು ಹಳೆಯದು ಎಲ್ಲವೂ ಒಟ್ಟಿಗೇ ಕರಗುವುದಕ್ಕೆ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತದ್ದು ಕಾರಣವಿರಬಹುದು ಎಂದು ಇಂದು ನಾವು ಹೇಳಬಲ್ಲೆವು. ಬೇಕನ್‌ನ ಕಾಲಕ್ಕೆ ಆ ತಿಳಿವಳಿಕೆ ಇರಲಿಲ್ಲ.

ನಿರುಪದ್ರವ ಯಾವುದು, ಅಪಾಯ ಯಾವುದು

ಎಲ್ಲ ಮನೆಮದ್ದನ್ನೂ ಒಂದೇ ಕೋಲಿನಿಂದ ಹೊಡೆಯಬೇಕಾಗಿಲ್ಲ. ಕಲ್ಯಾಣಿಗೆ ಉಪ್ಪು ಹಾಕಿ ಬಂದ ಮಗುವಿನ ಬೆರಳಿಗೆ ಏನೂ ಆಗುವುದಿಲ್ಲ. ಅಜ್ಜಿಯ ಹರಕೆಯನ್ನು ತರಗತಿಯಲ್ಲಿ ಗೇಲಿ ಮಾಡುವ ಶಿಕ್ಷಕರ ಮಾತನ್ನು ಆ ಮನೆಯವರು ಮುಂದೆ ಕೇಳುವುದಿಲ್ಲ. ಶಿಕ್ಷಕರು ದನಿ ಎತ್ತಬೇಕಾದದ್ದು ಚರ್ಮಕ್ಕೆ ಹಾನಿ ಮಾಡುವ ವಿಧಾನಗಳ ಬಗ್ಗೆ.

ಸುಣ್ಣ ಮತ್ತು ಬಟ್ಟೆ ಸೋಡಾ ಕಲಸಿದಾಗ ಏನಾಗುತ್ತದೆ ಎಂದು ವಿಜ್ಞಾನ ಶಿಕ್ಷಕರಿಗೆ ಗೊತ್ತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ವರ್ತಿಸಿ ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಅದೇ ಕಾಸ್ಟಿಕ್ ಸೋಡಾ. ಪ್ರಯೋಗಾಲಯದಲ್ಲಿ ಕೈಗೆ ತಾಗದಂತೆ ಎಚ್ಚರ ವಹಿಸುವ ವಸ್ತುವನ್ನು ಮಗುವಿನ ಬೆರಳಿಗೆ ಮೆತ್ತಿದಂತೆ. ಅದು ನರಹುಲಿಯನ್ನಷ್ಟೇ ಅಲ್ಲ, ಅಡಿಯ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಏಳನೆಯ ತರಗತಿಯ ಆಮ್ಲ–ಪ್ರತ್ಯಾಮ್ಲಗಳ ಪಾಠದಲ್ಲಿ ಈ ಮಾತು ಹೇಳಿದರೆ ಒಂದೆರಡು ಬೆರಳಾದರೂ ಉಳಿದಾವು.

ಎಕ್ಕದ ಹಾಲು ಚರ್ಮವನ್ನು ಕೆರಳಿಸುತ್ತದೆ. ಕೈಗೆ ಹಚ್ಚಿದ್ದನ್ನು ಮಗು ಮರೆತು ಕಣ್ಣುಜ್ಜಿಕೊಂಡರೆ ಕಣ್ಣಿಗೇ ಅಪಾಯ. ಊದುಬತ್ತಿಯಿಂದ ಸುಟ್ಟರೆ ಗಾಯವಾಗಿ ಕೀವು ತುಂಬಬಹುದು, ಕಲೆ ಶಾಶ್ವತವಾಗಿ ಉಳಿಯಬಹುದು. ಬ್ಲೇಡಿನಿಂದ ಕೊಯ್ದರೆ ರಕ್ತದ ಜೊತೆ ವೈರಸ್ಸೂ ಸುತ್ತಲಿನ ಚರ್ಮಕ್ಕೆ ಹರಡುತ್ತದೆ. ಕುದುರೆ ಕೂದಲನ್ನು ಬಿಗಿಯಾಗಿ ಬೆರಳ ಸುತ್ತ ಕಟ್ಟಿಬಿಟ್ಟರೆ ರಕ್ತಸಂಚಾರವೇ ನಿಲ್ಲಬಹುದು. ಬೆರಳು ಊದಿ ಬಣ್ಣ ತಿರುಗಿರುವ ಮಗು ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.

ವೈದ್ಯಕೀಯ ಚಿಕಿತ್ಸೆ

ನೋವಿಲ್ಲದಿದ್ದರೆ, ಮಗುವಿಗೆ ಅದರ ಚಿಂತೆಯೂ ಇಲ್ಲದಿದ್ದರೆ, ಕಾಯುವುದು ಒಪ್ಪಿತವಾದ ದಾರಿಯೇ. ನೋವಿದ್ದರೆ, ಹೆಚ್ಚುತ್ತಿದ್ದರೆ, ಅಥವಾ ಮಗು ನಾಚಿ ಕೈ ಮುಚ್ಚಿಕೊಳ್ಳುತ್ತಿದ್ದರೆ ಚಿಕಿತ್ಸೆ ಕೊಡಿಸಬಹುದು. ನಾಚಿಕೆಯೂ ಚಿಕಿತ್ಸೆಗೆ ಸಾಕಾದ ಕಾರಣವೇ.

ಮೊದಲನೆಯ ಔಷಧ ಸ್ಯಾಲಿಸಿಲಿಕ್ ಆಮ್ಲದ ಲೇಪ. ಇದು ದಪ್ಪಗಾದ ಚರ್ಮವನ್ನು ಪದರಪದರವಾಗಿ ಕರಗಿಸುತ್ತದೆ. ವೈದ್ಯರ ಸಲಹೆಯಂತೆ ಬಳಸುವ ಕ್ರಮ ಹೀಗೆ: ನರಹುಲಿಯನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೇಲಿನ ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆದು, ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ನರಹುಲಿಯ ಮೇಲೆ ಮಾತ್ರ ಔಷಧ ಹಾಕಿ ಒಣಗಲು ಬಿಡಬೇಕು. ದಿನವೂ ಹೀಗೆ, ಹನ್ನೆರಡು ವಾರಗಳವರೆಗೂ ಮಾಡಬೇಕಾಗಬಹುದು. ಎರಡು ವಾರಕ್ಕೆ ಬೇಸತ್ತು ಬಿಟ್ಟರೆ ಫಲವಿಲ್ಲ. ಉಜ್ಜಲು ಬಳಸಿದ ಕಲ್ಲನ್ನು ಬೇರೆ ಯಾರೂ ಬಳಸಬಾರದು. ಮುಖಕ್ಕೆ, ಗುಪ್ತಾಂಗಕ್ಕೆ, ಗಾಯವಾದ ಚರ್ಮಕ್ಕೆ ಇದನ್ನು ಹಚ್ಚಬಾರದು. ಮಧುಮೇಹವಿರುವ ಮಕ್ಕಳಿಗೆ ಮತ್ತು ತೀರಾ ಚಿಕ್ಕವರಿಗೆ ವೈದ್ಯರನ್ನು ಕೇಳದೆ ಬಳಸಲೇಬಾರದು.

ಎರಡನೆಯದು ಶೀತಚಿಕಿತ್ಸೆ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ನರಹುಲಿಯನ್ನು ಹೆಪ್ಪುಗಟ್ಟಿಸುತ್ತಾರೆ. ನೋವಾಗುತ್ತದೆ, ಗುಳ್ಳೆ ಏಳಬಹುದು, ಕೆಲವು ವಾರಗಳ ಅಂತರದಲ್ಲಿ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ಚಿಕ್ಕ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಹಿಂಜರಿಯುತ್ತಾರೆ.

ಯಾವುದು ಮೇಲು? 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಇನ್ನೊಂದು ಅಧ್ಯಯನ ಮಕ್ಕಳು ಮತ್ತು ದೊಡ್ಡವರನ್ನು ಮೂರು ಗುಂಪು ಮಾಡಿ ಹದಿಮೂರು ವಾರ ಗಮನಿಸಿತು. ಸಾಮಾನ್ಯ ನರಹುಲಿ ಇದ್ದವರಲ್ಲಿ ಶೀತಚಿಕಿತ್ಸೆಯಿಂದ ಶೇ. 49, ಸ್ಯಾಲಿಸಿಲಿಕ್ ಆಮ್ಲದಿಂದ ಶೇ. 15, ಸುಮ್ಮನೆ ಕಾದವರಲ್ಲಿ ಶೇ. 8ರಷ್ಟು ಮಂದಿಗೆ ವಾಸಿಯಾಗಿತ್ತು. ಅಂಗಾಲಿನ ನರಹುಲಿಯಲ್ಲಿ ಇದೇ ಸಂಖ್ಯೆಗಳು ಕ್ರಮವಾಗಿ 30, 33 ಮತ್ತು 23. ಅಂದರೆ ಅಂಗಾಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಖಚಿತವಾಗಿ, ಒಮ್ಮೆಗೇ ವಾಸಿ ಮಾಡುವ ಔಷಧ ಯಾವುದೂ ಇಲ್ಲ ಎಂಬುದನ್ನು ಪೋಷಕರಿಗೆ ಹೇಳಬೇಕು. ಇಲ್ಲವಾದರೆ ಮೂರು ವಾರ ಔಷಧ ಹಚ್ಚಿ, “ಆಸ್ಪತ್ರೆಯದ್ದೂ ಆಗಲಿಲ್ಲ” ಎಂದು ಸುಣ್ಣದ ಡಬ್ಬಿಗೆ ಕೈ ಹಾಕುತ್ತಾರೆ.

ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕಾದ ಸಂದರ್ಭಗಳು

ಮುಖದ ಮೇಲೆ ಎದ್ದಿದ್ದರೆ. ಉಗುರಿನ ಸುತ್ತ ಎದ್ದು ನೋಯುತ್ತಿದ್ದರೆ. ರಕ್ತ ಒಸರುತ್ತಿದ್ದರೆ, ಕೀವು ತುಂಬಿದ್ದರೆ, ಬೇಗ ಬೇಗ ಬೆಳೆದು ಬಣ್ಣ ಬದಲಾಗುತ್ತಿದ್ದರೆ. ಕಡಿಮೆ ಅವಧಿಯಲ್ಲಿ ಮೈತುಂಬ ಹರಡಿದ್ದರೆ. ಮಗುವಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಔಷಧ ಇದ್ದರೆ. ಅದು ನರಹುಲಿಯೇ ಎಂಬ ಬಗ್ಗೆ ಅನುಮಾನವಿದ್ದರೆ ವೈದ್ಯರಿಗೆ ತೋರಿಸಲು ಹೇಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗಲೂ ತೋರಿಸಬಹುದು.

ಗುಪ್ತಾಂಗದ ಭಾಗದಲ್ಲಿ ಇದೆ ಎಂದು ಮಗುವೋ ತಾಯಿಯೋ ಹೇಳಿದರೆ ವಿಷಯ ಬೇರೆ. ಶಿಕ್ಷಕರು ಅದನ್ನು ಪರೀಕ್ಷಿಸಲು ಹೋಗಕೂಡದು. ಹೆರಿಗೆಯ ಸಮಯದಲ್ಲಿ ತಾಯಿಯಿಂದ, ಅಥವಾ ಮಗುವಿನದೇ ಕೈಯಿಂದಲೂ ಅದು ಬಂದಿರಬಹುದು. ಆದ್ದರಿಂದ ಇಷ್ಟರಿಂದಲೇ ಯಾರನ್ನೂ ದೂಷಿಸಲಾಗದು. ಆದರೆ ಲೈಂಗಿಕ ದೌರ್ಜನ್ಯದ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸಲೇಬೇಕು. ಮಗು ಏನಾದರೂ ಹೇಳಿಕೊಂಡರೆ ಕೆದಕದೆ ಕೇಳಿ, ಅದು ಹೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು. ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮುಖ್ಯಶಿಕ್ಷಕರಿಗೆ ಹೇಳಿದೆನಲ್ಲ ಎಂದು ಪ್ರಶಿಕ್ಷಣಾರ್ಥಿ ಅಲ್ಲಿಗೆ ಬಿಡುವಂತಿಲ್ಲ.

ಪೋಷಕರೊಡನೆ ಮಾತು

ವಿಷಯ ತಿಳಿದಿದ್ದರೂ ಅದನ್ನು ಹೇಳುವ ಬಗೆ ಗೊತ್ತಿರಬೇಕು. ಶಾಲೆಯ ಗೇಟಿನ ಬಳಿ ಪ್ರಶಿಕ್ಷಣಾರ್ಥಿಯೊಬ್ಬಳು ಒಬ್ಬ ತಾಯಿಯೊಡನೆ ಆಡಿದ ಮಾತು ನನಗೆ ಮಾದರಿ ಎನಿಸಿದ್ದರಿಂದ ಕೊಡುತ್ತಿದ್ದೇನೆ.

“ಮಿಸ್, ನಮ್ಮತ್ತೆ ಸುಣ್ಣ ಸೋಡಾ ಇಡು ಅಂತಾವ್ರೆ. ಅವ್ರ ಕಾಲದಲ್ಲಿ ಅದ್ರಲ್ಲೇ ಹೋಗ್ತಿತ್ತಂತೆ.”

“ಹೋಗಿರ್ಬೋದು ಅಕ್ಕಾ. ಆದ್ರೆ ಏನೂ ಇಡ್ದೆ ಇದ್ರೂ ಹೋಗ್ತದೆ, ಸ್ವಲ್ಪ ನಿಧಾನ. ಸುಣ್ಣ ಸೋಡಾ ಚರ್ಮ ಸುಡ್ತದೆ. ಬರೆಯೋ ಕೈ ಅದು. ಒಂದ್ಸಲ ಆರೋಗ್ಯ ಕೇಂದ್ರದಲ್ಲಿ ತೋರ್ಸಿ. ಅಲ್ಲೀತನಕ ಪಟ್ಟಿ ಹಾಕಿ ಕಳ್ಸಿ, ಟವೆಲ್ಲು ಬೇರೆ ಇಡಿ. ಅತ್ತೆ ಹರಕೆ ಹೊತ್ಕೊಂಡಿದ್ರೆ ತೀರ್ಸ್ಲಿ ಬಿಡಿ, ಅದ್ಕೇನು.”

ಇಲ್ಲಿ ಅತ್ತೆಯ ಅನುಭವವನ್ನು ತಳ್ಳಿಹಾಕಲಿಲ್ಲ, ಅಪಾಯದ ಮಾತನ್ನು ಮುಚ್ಚಿಡಲೂ ಇಲ್ಲ. “ಬರೆಯೋ ಕೈ ಅದು” ಎಂಬ ಮಾತು ಆ ತಾಯಿಗೆ ನಾಟಿತು.

ತರಗತಿಯ ಒಂದು ಚಟುವಟಿಕೆ

ಕಾಕತಾಳೀಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿಸಿ ತೋರಿಸುವುದು ಮೇಲು. ಆರರಿಂದ ಎಂಟನೆಯ ತರಗತಿಗೆ ಹೊಂದುವ ಈ ಚಟುವಟಿಕೆಗೆ ನಾಣ್ಯ ಮತ್ತು ಚೀಟಿ ಮಾತ್ರ ಸಾಕು. ಒಂದು ಅವಧಿಯಲ್ಲಿ ಮುಗಿಯುತ್ತದೆ.

ಮೂವತ್ತೆರಡು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ಎಲ್ಲರಿಗೂ ಆಟಕ್ಕಾಗಿ ನರಹುಲಿ ಬಂದಿದೆ. ಚೀಟಿ ಎತ್ತಿಸಿ ಹದಿನಾರು ಮಕ್ಕಳಿಗೆ “ಕೂದಲು ಕಟ್ಟಿಸಿಕೊಂಡವರು” ಎಂದೂ, ಉಳಿದ ಹದಿನಾರಕ್ಕೆ “ಏನೂ ಮಾಡದವರು” ಎಂದೂ ಹೆಸರು ಕೊಡಿ. ಈಗ ಒಂದು ವರ್ಷ ಕಳೆಯಿತು. ಪ್ರತಿಯೊಬ್ಬರೂ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ನರಹುಲಿ ಹೋಯಿತು, ಕುಳಿತುಕೊಳ್ಳಲಿ. ವರ್ಷದೊಳಗೆ ಸುಮಾರು ಅರ್ಧ ಮಂದಿಗೆ ತಾನಾಗಿ ಹೋಗುತ್ತದೆ ಎಂಬುದನ್ನು ನಾಣ್ಯ ಸರಿಸುಮಾರಾಗಿ ತೋರಿಸುತ್ತದೆ.

ಮೊದಲು ಕೂದಲು ಕಟ್ಟಿಸಿಕೊಂಡವರನ್ನು ಮಾತ್ರ ಕೇಳಿ: “ಯಾರಿಗೆ ವಾಸಿಯಾಯಿತು?” ಏಳೆಂಟು ಕೈಗಳು ಮೇಲೇಳುತ್ತವೆ. “ಹಾಗಾದರೆ ಕೂದಲು ಕೆಲಸ ಮಾಡಿತಲ್ಲವೇ?” ಎಂದು ಕೇಳಿದರೆ ತರಗತಿ ಹೌದು ಎನ್ನುತ್ತದೆ. ಆ ಹೌದನ್ನು ಹಲಗೆಯ ಮೇಲೆ ಬರೆಯಿರಿ. ಆನಂತರ ಏನೂ ಮಾಡದವರನ್ನು ಕೇಳಿ. ಅಲ್ಲಿಯೂ ಅಷ್ಟೇ ಕೈಗಳು ಏಳುತ್ತವೆ. ಸಂಖ್ಯೆ ಒಂದೆರಡು ಹೆಚ್ಚುಕಡಿಮೆಯಾದರೆ ಮತ್ತೆ ಚಿಮ್ಮಿಸಿ, ಹೆಚ್ಚುಕಡಿಮೆ ಎಂಬುದೂ ಆಕಸ್ಮಿಕವೇ ಎಂದು ತೋರಿಸಿ. ಈಗ ಹಲಗೆಯ ಮೇಲಿನ “ಹೌದು”ವನ್ನು ಏನು ಮಾಡೋಣ ಎಂದು ಮಕ್ಕಳನ್ನೇ ಕೇಳಿ. ಒಂದು ಔಷಧ ಕೆಲಸ ಮಾಡಿತೇ ಎಂದು ತಿಳಿಯಲು, ಅದನ್ನು ತೆಗೆದುಕೊಳ್ಳದವರನ್ನೂ ಎಣಿಸಬೇಕು ಎಂಬ ಮಾತು ಅವರ ಬಾಯಿಂದಲೇ ಬರಬೇಕು. ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ “ಸುಮ್ಮನೆ ಕಾದವರ” ಗುಂಪು ಏಕಿತ್ತು ಎಂಬುದು ಆಗ ಅರ್ಥವಾಗುತ್ತದೆ.

ಈ ಚಟುವಟಿಕೆ ಮಾಡುವಾಗ ಒಂದು ಎಚ್ಚರಿಕೆ ಇರಲಿ. ತರಗತಿಯಲ್ಲಿ ನಿಜವಾಗಿ ನರಹುಲಿ ಇರುವ ಮಗುವನ್ನು ಎಬ್ಬಿಸಿ ಕೈ ತೋರಿಸಬಾರದು. ಮಗುವಿನ ಕೈ ನಮ್ಮ ಕಲಿಕೋಪಕರಣವಲ್ಲ. ಆಟದಲ್ಲಿ ಎಲ್ಲರಿಗೂ ನರಹುಲಿ ಬಂದಿದೆ ಎಂದು ಆರಂಭಿಸುವುದರ ಉದ್ದೇಶವೇ ಅದು. ಎಲ್ಲರಿಗೂ ಇದ್ದಾಗ ಯಾರೂ ಒಂಟಿಯಲ್ಲ.

ಕೊನೆಯದಾಗಿ, ಮಾರ್ಗದರ್ಶಿ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಪ್ರಶಿಕ್ಷಣಾರ್ಥಿಗಳ ದಿನಚರಿಯಲ್ಲಿ ಬೋಧಿಸಿದ ಪಾಠಗಳ ಜೊತೆಗೆ ಮಕ್ಕಳ ಬಗ್ಗೆ ಗಮನಿಸಿದ ಒಂದು ಸಂಗತಿಯನ್ನೂ ವಾರಕ್ಕೊಮ್ಮೆ ಬರೆಸಿ. ಯಾರು ಕೈ ಮುಚ್ಚಿಕೊಳ್ಳುತ್ತಾರೆ, ಯಾರು ಕುಂಟುತ್ತಾರೆ, ಯಾರ ಪಕ್ಕದ ಜಾಗ ಸದಾ ಖಾಲಿ ಇರುತ್ತದೆ. ನರಹುಲಿ ಇಂದಲ್ಲ ನಾಳೆ ಹೋಗುತ್ತದೆ. ಅದು ಇರುವಷ್ಟು ಕಾಲ ಆ ಕೈ ಸುಡದಂತೆಯೂ, ಆ ಕೈಯನ್ನು ಯಾರೂ ಬಿಡದಂತೆಯೂ ನೋಡಿಕೊಳ್ಳುವುದು ಶಿಕ್ಷಕರಿಂದ ಆಗುವ ಕೆಲಸ.